ಆರ್ಲಿಸ್ ತುಂಬಿದ ತೋಟಾ

ಆರ್ಲಿಸ್ ಟ್ವೆಟ್ ತುಂಬಿದ ತೋಟಾ ಅಂದರೆ ನಮ್ಮ ಟೋರ್ವಿಕ್ ಊರಲ್ಲಿ ಯಾರೂ ಅನುಮಾನಪಟ್ಟು ನೋಡುತ್ತಿರಲಿಲ್ಲ. ಕೋವಿಗೆ ಹಾಕುವುದು, ಹೊಡೆಯುವುದು. ಮೊಂಟಾನಾದ ಆ ಬಯಲಲ್ಲಿ ಹಾರಿಸಿ ಖಾಲಿಯಾದ ಹಿತ್ತಾಳೆ ಕೋಶವನ್ನು ಯಾರೂ ಬಿಸಾಡುವುದಿಲ್ಲ. ಹೊಸ ಕೇಪು, ಮದ್ದು, ಗುಂಡು ಹಾಕಿ ಮತ್ತೆ ಕಟ್ಟಿಕೊಳ್ಳುತ್ತಾರೆ. ಎಲ್ಲರ ಮನೆಯಲ್ಲೂ ಒಂದು ಮೇಜು, ಕೋಶಕ್ಕೆ ಗುಂಡು ಒತ್ತಿ ಕೂರಿಸುವ ಒಂದು ಪ್ರೆಸ್ ಇರುತ್ತದೆ. ಆದರೂ ಜಿಂಕೆ ಬೇಟೆಯ ಕಾಲ ಹತ್ತಿರ ಬಂದಾಗ ನಮ್ಮ ಕೋವಿ ಕ್ಲಬ್ಬಿನ ಅರ್ಧ ಮಂದಿ ತಮ್ಮ ಕೋಶ, ಮದ್ದುಗಳನ್ನು ಚೀಲದಲ್ಲಿ ಹೊತ್ತುಕೊಂಡು ಅವಳ ಮನೆಗೇ ಹೋಗುತ್ತಿದ್ದರು. ಅವಳು ಕಾಸು ಮುಟ್ಟುತ್ತಿರಲಿಲ್ಲ. ಒಂದು ತೊಡೆ ಮಾಂಸ, ಎರಡು ಸೀಸೆ ಚೋಕ್‌ಚೆರಿ ಕಾಡುಹಣ್ಣಿನ ಜೆಲ್ಲಿ ಕೊಟ್ಟರೆ ಸಾಕಿತ್ತು.

ಇಪ್ಪತ್ತಾರು ವರ್ಷ ಶಾಲೆಯ ಅಡುಗೆಮನೆಯಲ್ಲಿ ದುಡಿದವಳು ಆರ್ಲಿಸ್. ಶಾಲೆಯವರು ಹೊರಗೆ ಹಾಕಿದ ಬಡಗಿ ಮೇಜೊಂದನ್ನು ನೆಲಮಾಳಿಗೆಗೆ ಇಳಿಸಿಕೊಂಡು ಅದಕ್ಕೆ ಪ್ರೆಸ್ಸನ್ನು ಬೋಲ್ಟು ಹಾಕಿ ಕೂರಿಸಿದ್ದಳು. ಪಕ್ಕದಲ್ಲಿ ಅವಳಪ್ಪನ ಕಾಲದ ತಕ್ಕಡಿ. ಗಾಳಿ ತಾಗಿ ಮುಳ್ಳು ಅಲ್ಲಾಡಬಾರದೆಂದು ಅದಕ್ಕೆ ಮೂರು ಕಡೆ ರಟ್ಟಿನ ಗೋಡೆ. ಕೋಶಗಳನ್ನು ಸಾಲಾಗಿ ನಿಲ್ಲಿಸಲು ಐವತ್ತು ತೂತಿನ ಹಲಗೆಯನ್ನು ತಾನೇ ಕೊರೆದುಕೊಂಡಿದ್ದಳು. ಹಿತ್ತಾಳೆಯ ಆಲಿಕೆ, ಉದ್ದ ಅಳೆಯುವ ಕ್ಯಾಲಿಪರ್, ಕೋಶದ ಬಾಯಿ ಕೆರೆದು ನಯ ಮಾಡುವ ಬೆರಳುದ್ದದ ಕತ್ತಿ, ಎಲ್ಲಕ್ಕೂ ಗೋಡೆಯಲ್ಲಿ ಒಂದೊಂದು ಮೊಳೆ. ಮೂಲೆಯಲ್ಲಿ ಅಕ್ರೋಟಿನ ಚಿಪ್ಪಿನ ಪುಡಿಯಲ್ಲಿ ಕೋಶಗಳನ್ನು ಹೊರಳಾಡಿಸಿ ಹೊಳಪು ಕೊಡುವ ಯಂತ್ರ ಗುರುಗುಟ್ಟುತ್ತಿರುತ್ತಿತ್ತು. ಮದ್ದು ತುಂಬುವಾಗ ಮಾತ್ರ ಅದೂ ಬಂದ್, ರೇಡಿಯೋನೂ ಬಂದ್, ಮಾತೂ ಬಂದ್. ಮೇಜಿನ ಮೇಲೆ ಒಂದೇ ಒಂದು ಮದ್ದಿನ ಡಬ್ಬಿ. ಎರಡನೆಯದನ್ನು ಮೆಟ್ಟಿಲಿಂದ ಕೆಳಗೆ ತರಲಿಕ್ಕೂ ಬಿಡುತ್ತಿರಲಿಲ್ಲ.

"ಇದೇನು ಚರ್ಚಿನ ಪ್ರಾರ್ಥನೇನಾ ಮಾರಾಯ್ತಿ, ಕೆಮ್ಮೋಕೂ ಭಯ ಆಗುತ್ತೆ," ಅಂತ ಒಮ್ಮೆ ರೇಗಿಸಿದ್ದೆ.

"ಸೂಪಿಗೆ ಉಪ್ಪು ಜಾಸ್ತಿಯಾದ್ರೆ ಮಕ್ಕಳು ಬೈತಾರೆ ಅಷ್ಟೆ. ಇದರಲ್ಲಿ ಜಾಸ್ತಿಯಾದ್ರೆ ಬೈಯೋಕೆ ಬಾಯೇ ಉಳಿಯಲ್ಲ. ಸುಮ್ನೆ ಕೂತ್ಕೋ ನೆಲ್ಸ್," ಅಂದಿದ್ದಳು.

ನಾನು ನೆಲ್ಸ್ ಬ್ರೆಕ್ಕೆ. ಊರಿನ ಅಂಚೆ ಹಂಚುವವನು, ಕ್ಲಬ್ಬಿನ ಕಾರ್ಯದರ್ಶಿ. ಅವಳ ಗಂಡ ಗೇಲನ್ ಕ್ಲಬ್ಬಿನ ಅಧ್ಯಕ್ಷ. ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯಲ್ಲಿ ಕೌಂಟರಿಗೆ ನಿಲ್ಲುತ್ತಿದ್ದ. ಬಂದವರನ್ನೆಲ್ಲ ನಗಿಸಿ ಕಳಿಸುತ್ತಿದ್ದ. ಅವನನ್ನು ಕಂಡರೆ ಆಗದವರು ಊರಲ್ಲಿ ಇರಲಿಲ್ಲ. ಅವನಿಗೆ ತೋಟಾ ತುಂಬುವುದೂ ಗೊತ್ತಿತ್ತು. ತಾಳ್ಮೆ ಮಾತ್ರ ಇರಲಿಲ್ಲ.

ಎಂಬತ್ತೇಳರ ಅಕ್ಟೋಬರಿನಲ್ಲಿ ಆರ್ಲಿಸಳ ತಂಗಿಗೆ ನಮ್ಮ ಮೊಂಟಾನಾದಲ್ಲೇ ಇರುವ ಗ್ಲಾಸ್ಗೋ ಪಟ್ಟಣದಲ್ಲಿ ಆಪರೇಷನ್ ಆಯಿತು. ಆರ್ಲಿಸ್ ಹತ್ತು ದಿನಕ್ಕೆಂದು ಅಲ್ಲಿಗೆ ಹೋದಳು. ಅದೇ ವಾರ ಕರ್ಮಿಟ್ ಹೋವ್ಲಂಡ್ ತನ್ನ ನಲವತ್ತು ಕೋಶಗಳನ್ನು ಹಿಡಿದು ಬಂದ. ಅವನೂ ಗೇಲನ್ನೂ ಒಂದೇ ತರಗತಿಯಲ್ಲಿ ಓದಿದವರು. ಬೇಟೆ ಶುರುವಾಗುವುದಕ್ಕೆ ಮುಂಚೆ ಕೋವಿಯ ಗುರಿ ಸರಿಮಾಡಿಕೊಳ್ಳಬೇಕಿತ್ತು. ಆರ್ಲಿಸ್ ಬರುವ ತನಕ ಕಾಯಿ ಅನ್ನಲಿಕ್ಕೆ ಗೇಲನ್‌ಗೆ ನಾಚಿಕೆಯಾಯಿತೋ ಏನೋ, "ಬಿಟ್ಟು ಹೋಗು, ಆಗುತ್ತೆ," ಅಂದಿದ್ದ.

ಆ ಗುರುವಾರ ಮಧ್ಯಾಹ್ನ ಆರ್ಲಿಸ್ ಗಂಡನಿಗೆ ಬರೆದ ಕಾರ್ಡು ನನ್ನ ಚೀಲದಲ್ಲಿತ್ತು. ತಂಗಿ ಎದ್ದು ಕೂತಿದ್ದಾಳೆ, ಮಂಗಳವಾರ ಬರುತ್ತೇನೆ ಅಂತ ಎರಡೇ ಸಾಲು. ಬಾಗಿಲು ತಟ್ಟಿದೆ. ಕೆಳಗಿಂದ ಗೇಲನ್, "ಇಳಿದು ಬಾರೋ, ಕಾಫಿ ಇದೆ," ಅಂತ ಕೂಗಿದ.

ಇಳಿದೆ. ರೇಡಿಯೋದಲ್ಲಿ ಬೇಸ್‌ಬಾಲ್ ಆಟದ ವಿವರಣೆ ಜೋರಾಗಿತ್ತು. ಮೇಜಿನ ಮೇಲೆ ಮುಚ್ಚಳ ತೆಗೆದ ಎರಡು ಡಬ್ಬಿ. ಒಂದು ರೈಫಲ್ಲಿನ ಮದ್ದು, ಇನ್ನೊಂದು ಅವನ ಪಿಸ್ತೂಲಿನದು. ಅವನೂ ಮಾತಾಡಿದ, ನಾನೂ ಮಾತಾಡಿದೆ. ಅಂಚೆ ಮಾಸ್ತರನ ಹೆಂಡತಿಯ ಮೇಲಿನ ಒಂದು ಜೋಕು ಹೇಳಿದವನು ನಾನೇ. ಅವನು ನಗುತ್ತಾ ನಗುತ್ತಾ ಮದ್ದು ಅಳೆದು ಸುರಿಸುವ ಕೊಳವೆಯಲ್ಲಿ ಮದ್ದು ಮುಗಿದದ್ದು ನೋಡಿ ಡಬ್ಬಿ ಎತ್ತಿ ಮತ್ತೆ ಸುರಿದ. ಯಾವ ಡಬ್ಬಿ ಅಂತ ಅವನು ನೋಡಲಿಲ್ಲ. ನಾನೂ ನೋಡಲಿಲ್ಲ. ತುಂಬಿದ್ದು ಮುಗಿದ ಮೇಲೆ ಡ್ರಾಯರಿನಿಂದ ಆರ್ಲಿಸ್ ಬರೆದಿಟ್ಟಿದ್ದ ಚೀಟಿಯೊಂದನ್ನು ತೆಗೆದು ಪೆಟ್ಟಿಗೆಗೆ ಅಂಟಿಸಿದ. ಅದರಲ್ಲಿ ಅವಳ ಹೆಸರು ಅವಳದೇ ಅಕ್ಷರದಲ್ಲಿತ್ತು. ಹೊರಡುವ ಮುಂಚೆ ಆರ್ಲಿಸ್ ತುಂಬಿಟ್ಟಿದ್ದ ನಲವತ್ತು, ನಿನ್ನ ಕೋಶ ಬದಲಿಗೆ ಇಟ್ಟುಕೊಂಡೆ ಅಂತ ಹೇಳಿ ಕರ್ಮಿಟ್‌ಗೆ ಕೊಟ್ಟ.

ಭಾನುವಾರ ಚರ್ಚು ಮುಗಿಸಿ ನಾವೆಲ್ಲ ಗುಂಡು ಹೊಡೆಯುವ ಬಯಲಿಗೆ ಹೋದೆವು. ಕರ್ಮಿಟ್ ಎಂಟು ಗುಂಡು ಹೊಡೆದ. ಎಂಟೂ ಅಂಗೈಯಗಲದೊಳಗೆ ಬಿದ್ದವು. "ಆರ್ಲಿಸ್ ಇದ್ರೆ ಮುತ್ತು ಕೊಡ್ತಿದ್ದೆ ಕಣ್ರೋ," ಅಂದ. ಗೇಲನ್ ನಕ್ಕ. ಒಂಬತ್ತನೆಯದಕ್ಕೆ ಕೋವಿಯೇ ಒಡೆಯಿತು. ಕರ್ಮಿಟ್‌ನ ಎಡಗೈಯ ಮೂರು ಬೆರಳು ಹೋದವು. ಬಲಗಣ್ಣು ಗ್ರೇಟ್ ಫಾಲ್ಸಿನ ದೊಡ್ಡಾಸ್ಪತ್ರೆಯ ಡಾಕ್ಟರು ಎಷ್ಟು ಪ್ರಯತ್ನಪಟ್ಟರೂ ಉಳಿಯಲಿಲ್ಲ.

ಆ ಸಂಜೆಯೇ ಊರಲ್ಲಿ ಮಾತು ಹಬ್ಬಿತು. ಆರ್ಲಿಸ್ ತುಂಬಿದ ತೋಟಾ. ಪಾಪ, ಐವತ್ತೆಂಟಾಯಿತು, ಕಣ್ಣು ಮಂಜಾಗಿರಬೇಕು. ತಂಗಿಯ ಚಿಂತೆ ಬೇರೆ. ಗೇಲನ್ ಆಸ್ಪತ್ರೆಯ ಬೆಂಚಿನ ಮೇಲೆ ತಲೆ ಹಿಡಿದು ಕೂತಿದ್ದ. ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ.

ಮಂಗಳವಾರ ಬಂದ ಆರ್ಲಿಸ್ ಕೋಟು ಕೂಡ ತೆಗೆಯದೆ ನೇರ ನನ್ನ ಮನೆಗೆ ಬಂದಳು. ಉಳಿದ ಮೂವತ್ತೊಂದು ತೋಟಾಗಳ ಪೆಟ್ಟಿಗೆ ಕಾರ್ಯದರ್ಶಿಯಾದ ನನ್ನ ಬಳಿ ಇತ್ತು.

"ಪೆಟ್ಟಿಗೆ ಕೊಡು. ನೀನೂ ಬಾ. ಆಮೇಲೆ ನಾನೇ ಏನೋ ಬದಲಾಯಿಸಿದೆ ಅನ್ನೋದು ಬೇಡ."

ಹೋದೆ. ಅವಳು ಗೋಡೆಯಿಂದ ಪ್ಲಾಸ್ಟಿಕ್ ಸುತ್ತಿಗೆಯಂಥದ್ದನ್ನು ತೆಗೆದಳು. ಅದರ ತಲೆಯೊಳಗೆ ತೋಟಾವನ್ನು ಸಿಕ್ಕಿಸಿ ಮರದ ತುಂಡಿಗೆ ಬಡಿದರೆ ಗುಂಡು ಕಳಚಿಕೊಂಡು ಮದ್ದು ಹೊರಗೆ ಬರುತ್ತದೆ. ತಪ್ಪಾಗಿ ತುಂಬಿದ್ದನ್ನು ಬಿಚ್ಚಲಿಕ್ಕೆ ಇಟ್ಟುಕೊಂಡಿದ್ದ ಅದನ್ನು ಅವಳು ಬಳಸಿದ್ದು ನಾನು ನೋಡಿಯೇ ಇರಲಿಲ್ಲ. ಒಂದೊಂದಾಗಿ ಬಡಿದಳು. ಒಂದೊಂದರ ಮದ್ದನ್ನೂ ಬಿಳಿ ತಟ್ಟೆಗೆ ಸುರಿದು ದೀಪದ ಕೆಳಗೆ ಹಿಡಿದಳು. ಇಪ್ಪತ್ತಮೂರರಲ್ಲಿ ಇದ್ದದ್ದು ಸಣ್ಣ ಕಡ್ಡಿಯಂಥ ಕಾಳು, ರೈಫಲ್ಲಿನದು. ಎಂಟರಲ್ಲಿ ಚಪ್ಪಟೆ ಬಿಲ್ಲೆಗಳು. ಪಿಸ್ತೂಲಿನ ಮದ್ದು, ರೈಫಲ್ಲಿನ ಅಳತೆಯಲ್ಲಿ. ಪಿಸ್ತೂಲಿನದು ಥಟ್ಟನೆ ಉರಿಯುವ ಮದ್ದು, ಅಷ್ಟು ಹಾಕಿದರೆ ಕೋವಿ ತಡೆಯುವುದಿಲ್ಲ.

ಎರಡನ್ನೂ ಬೇರೆ ಬೇರೆ ಜಾಡಿಗೆ ಹಾಕಿ ಮುಚ್ಚಳ ಬಿಗಿದಳು. ಅಷ್ಟರಲ್ಲಿ ಗೇಲನ್ ಮೆಟ್ಟಿಲಿಳಿದು ಬಂದು ಅರ್ಧದಲ್ಲೇ ನಿಂತ.

"ನೀನು ತುಂಬಿದ್ದು," ಅಂದಳು ಆರ್ಲಿಸ್.

"ಆರ್ಲಿಸ್, ಮೊದಲು ಕೂತ್ಕೋ."

"ಕೂರಲ್ಲ. ನೀನು ತುಂಬಿ ನನ್ನ ಹೆಸರು ಅಂಟಿಸಿದ್ದು. ಭಾನುವಾರದಿಂದ ಊರೆಲ್ಲ ನನ್ನ ಹೆಸರು ಹೇಳ್ತಿದೆ. ಮೂರು ದಿನ, ಗೇಲನ್. ಮೂರು ದಿನ ನಿನ್ನ ಬಾಯಿಗೆ ಏನಾಗಿತ್ತು?"

"ನಾನು ಅಂತ ಗೊತ್ತಾದ್ರೆ ಕರ್ಮಿಟ್ ಮುಖ ನೋಡೋಕಾಗಲ್ಲ ಕಣೇ. ಅಧ್ಯಕ್ಷಗಿರಿ ಹೋಗುತ್ತೆ, ಅಂಗಡಿಗೆ ಯಾರೂ ಬರಲ್ಲ. ನಿನ್ನನ್ನಾದ್ರೆ ಯಾರೂ ಏನೂ ಅನ್ನಲ್ಲ. ವಯಸ್ಸಾಯ್ತು ಅಂತಾರೆ, ಮರೀತಾರೆ."

"ನೀನು ನನಗಿಂತ ಎರಡು ವರ್ಷ ದೊಡ್ಡವನು."

ಅವನು ನನ್ನ ಕಡೆ ತಿರುಗಿದ. "ನೆಲ್ಸ್, ಗುರುವಾರ ನೀನು ಕಾರ್ಡು ಕೊಟ್ಟು ಹಾಗೇ ಹೋದೆ, ಅಲ್ವಾ? ಕೆಲಸದ ಹೊತ್ತಲ್ಲಿ ನೀನು ಯಾರ ಮನೇಲೂ ಕೂರಲ್ಲ, ಅಲ್ವಾ?"

ನನಗೆ ಪಿಂಚಣಿಗೆ ಎರಡು ವರ್ಷ ಬಾಕಿ ಇತ್ತು, ದೂರು ಹೋದರೆ ಕೆಲಸವೇ ಹೋಗುತ್ತಿತ್ತು. ಅವನಿಗೆ ಅದು ಗೊತ್ತಿತ್ತು. ನಾನು ಟೋಪಿ ಹಾಕಿಕೊಂಡು ಮೆಟ್ಟಿಲು ಹತ್ತಿದೆ.

ಮುಂದಿನ ವಾರ ಚರ್ಚಿನ ಕೆಳಗಿನ ಹಾಲಿನಲ್ಲಿ ಕ್ಲಬ್ಬಿನ ಸಭೆ. ಹದಿನಾಲ್ಕು ಗಂಡಸರು, ಕಾಫಿ, ಯಾರದೋ ಮನೆಯ ಲೆಫ್ಸೆ ಆಲೂಗಡ್ಡೆ ರೊಟ್ಟಿ. ಆರ್ಲಿಸ್ ಎರಡು ಜಾಡಿಗಳನ್ನೂ ತನ್ನ ನೋಟುಬುಕ್ಕನ್ನೂ ತಂದು ಮೇಜಿನ ಮೇಲಿಟ್ಟಳು. ಇಪ್ಪತ್ತು ವರ್ಷದಲ್ಲಿ ತುಂಬಿದ ಪ್ರತಿ ಪೆಟ್ಟಿಗೆಯ ತಾರೀಖು, ತೂಕ ಅದರಲ್ಲಿದ್ದವು. ಕರ್ಮಿಟ್‌ನ ಆ ನಲವತ್ತು ಇರಲಿಲ್ಲ. ಅವಳ ದನಿ ಏರಲಿಲ್ಲ. ಶಾಲೆಯಲ್ಲಿ ಇವತ್ತು ಊಟಕ್ಕೆ ಏನು ಅಂತ ಹೇಳುವ ಹಾಗೆ ಹೇಳಿದಳು.

"ಆ ವಾರ ನಾನು ಗ್ಲಾಸ್ಗೋದಲ್ಲಿದ್ದೆ. ಅಲ್ಲಿಂದ ಕಾರ್ಡು ಬರ್ದೆ. ಗುರುವಾರ ನೆಲ್ಸ್ ಅದನ್ನ ಮನೆಗೆ ತಂದುಕೊಟ್ಟ. ಆಗ ಮೇಜಿನ ಹತ್ರ ಯಾರು ಕೂತಿದ್ರು ಅಂತ ಅವನಿಗೆ ಗೊತ್ತು. ಹೇಳು ನೆಲ್ಸ್."

ಎಲ್ಲರೂ ನನ್ನನ್ನು ನೋಡಿದರು. ಗೇಲನ್ ಮಾತ್ರ ನೋಡಲಿಲ್ಲ. ತನ್ನ ಲೋಟದಲ್ಲಿ ಸಕ್ಕರೆ ಕಲಕುತ್ತಿದ್ದ.

"ದಿನಕ್ಕೆ ನೂರು ಮನೆಗೆ ಹೋಗ್ತೀನಿ ಆರ್ಲಿಸ್," ಅಂದೆ. "ಯಾವ ಕಾರ್ಡು ಯಾವ ದಿನ ಅಂತ ಹೇಗೆ ನೆನಪಿರುತ್ತೆ?"

ಅವಳು ಬೈಯಬಹುದಿತ್ತು. ಬೈಯಲಿಲ್ಲ. ನೋಟುಬುಕ್ಕು ಮುಚ್ಚಿದಳು.

ಹಿಂದಿನಿಂದ ಯಾರೋ ಗಂಟಲು ಸರಿಮಾಡಿಕೊಂಡು, "ಗಂಡ ಹೆಂಡ್ತಿ ಜಗಳ ಇಲ್ಲಿಗ್ಯಾಕೆ ತರ್ತೀಯಮ್ಮ? ಚೀಟೀಲಿ ನಿನ್ನ ಹೆಸರಿದೆಯಲ್ಲ," ಅಂದರು. ತಲೆಗಳು ಅಲ್ಲಾಡಿದವು. ಅಲ್ಲಿದ್ದವರಲ್ಲಿ ಐದಾರು ಮಂದಿಗಾದರೂ ನಿಜ ಹೊಳೆದಿತ್ತು ಅಂತ ನಾನು ಈಗಲೂ ಹೇಳಬಲ್ಲೆ. ಅವಳು ಹೇಳುವುದು ಸುಳ್ಳು ಅಂತ ಒಬ್ಬರೂ ಅನ್ನಲಿಲ್ಲ. 'ಕಾರಣ ತಿಳಿದುಬಂದಿಲ್ಲ' ಅಂತ ನಡಾವಳಿ ಪುಸ್ತಕದಲ್ಲಿ ಬರೆದವನು ನಾನೇ.

ಒಬ್ಬರಾದರೂ ನಿಜ ಕೇಳಿಸಿಕೊಳ್ಳಲಿ ಅಂತ ಆಮೇಲೆ ಅವಳು ಕರ್ಮಿಟ್‌ನ ಮನೆಗೆ ಹೋದಳು. ಅದನ್ನು ಅವನೇ ನನಗೆ ಹೇಳಿದ, ಹೇಳುವಾಗ ಸಿಟ್ಟಿನಲ್ಲಿದ್ದ. ಜಾಡಿಗಳನ್ನು ಅವನ ಮುಂದಿಟ್ಟಳಂತೆ. ಅವನು ಉಳಿದ ಕಣ್ಣಿನಿಂದ ಅವನ್ನು ನೋಡಲೂ ಒಪ್ಪಲಿಲ್ಲ.

"ನಿನ್ನನ್ನ ನಾನು ಆಗಲೇ ಕ್ಷಮಿಸಿಬಿಟ್ಟಿದ್ದೀನಿ ಕಣೇ. ಪಾದ್ರಿ ಎದುರಿಗೇ ಹೇಳಿದ್ದೀನಿ. ಈಗ ಬಂದು ಬೇರೆ ಹೆಸರು ಹೇಳ್ತೀಯಲ್ಲ, ಸರೀನಾ?"

"ಕರ್ಮಿಟ್, ನಿಜ ಏನು ಅಂತ ನಿನಗೆ ಬೇಡ್ವಾ?"

"ಗೇಲನ್ ಪ್ರತಿ ವಾರ ಗ್ರೇಟ್ ಫಾಲ್ಸಿಗೆ ನನ್ನನ್ನ ಕಾರಲ್ಲಿ ಕರ್ಕೊಂಡು ಹೋಗ್ತಾನೆ. ನನ್ನ ಹಸುಗಳಿಗೆ ಹುಲ್ಲು ಹಾಕ್ತಾನೆ. ಬೂಟಿನ ಲೇಸೂ ಕಟ್ತಾನೆ. ಅವನನ್ನ ನನ್ನಿಂದ ಕಿತ್ಕೊಂಡು ನನಗೆ ಏನು ಕೊಡ್ತೀಯ ನೀನು? ಎರಡು ಜಾಡಿ?"

ಅವಳು ಜಾಡಿಗಳನ್ನು ಎತ್ತಿಕೊಂಡು ಹೊರಟುಹೋದಳಂತೆ. ಅದು ನವೆಂಬರ್.

ಅದಾದ ಮೇಲೆ ಅವಳ ನೆಲಮಾಳಿಗೆಗೆ ಯಾರೂ ಕೋಶ ತೆಗೆದುಕೊಂಡು ಹೋಗಲಿಲ್ಲ. ಕೆಲವರು ಹಿಂದೆ ಅವಳು ತುಂಬಿಕೊಟ್ಟಿದ್ದನ್ನೂ ತಂದು ಮನೆಬಾಗಿಲಲ್ಲಿಟ್ಟು ಬಾಗಿಲು ತಟ್ಟದೆ ಹೋದರು. ದಾರಿಯುದ್ದಕ್ಕೂ ಅಂಚೆ ಹಂಚುವವನಿಗೆ ಇಂಥದ್ದೆಲ್ಲ ಕಾಣುತ್ತದೆ. ಅವಳು ಆ ಪೆಟ್ಟಿಗೆಗಳನ್ನು ಒಳಗೆ ತೆಗೆದುಕೊಂಡು ಹೋಗಿ ಒಂದೂ ಬಿಡದೆ ಬಿಚ್ಚಿ ತೂಗಿದಳು. ಎಲ್ಲವೂ ಸರಿಯಾಗಿದ್ದವು. ಇದನ್ನು ನನಗೆ ಹೇಳಿದವನು ಗೇಲನ್. ಅವಳಿಗೆ ತಲೆ ಕೆಟ್ಟಿದೆ ಅನ್ನುವ ಧಾಟಿಯಲ್ಲಿ ಹೇಳಿದ.

ಫೆಬ್ರವರಿಯಲ್ಲಿ ಅವಳು ತಂಗಿಯ ಮನೆಗೆ ಹೊರಟಳು. ಈ ಸಲ ಹತ್ತು ದಿನಕ್ಕಲ್ಲ. ಅಪ್ಪನ ತಕ್ಕಡಿಯನ್ನಷ್ಟೇ ಟವೆಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ತಂಗಿಯ ಗಂಡನ ಕಾರು ಹತ್ತಿದಳು. ನಾನು ಗೇಟಿನ ಬಳಿ ಕಾಗದ ಹಿಡಿದು ನಿಂತಿದ್ದೆ. "ಗ್ಲಾಸ್ಗೋ ವಿಳಾಸ ಬರ್ಕೊಡು, ನಿನ್ನ ಅಂಚೆ ಅಲ್ಲಿಗೆ ಕಳಿಸೋ ಹಾಗೆ ಮಾಡ್ತೀನಿ," ಅಂದೆ.

"ಅದು ನೆನಪಿರುತ್ತಾ ನಿನಗೆ?" ಅಂದಳು. ಕಾರು ಹೊರಟಿತು.

ಎರಡು ವರ್ಷಕ್ಕೆ ನನ್ನ ಪಿಂಚಣಿ ಬಂತು. ಗೇಲನ್ ಇನ್ನೂ ಮೂರು ಸಲ ಅಧ್ಯಕ್ಷನಾದ. ಶುಕ್ರವಾರ ಬೆಳಿಗ್ಗೆ ಹೋಟೆಲಿನ ಕಿಟಕಿಯ ಬಳಿ ಅವನೂ ಕರ್ಮಿಟ್ಟೂ ಕೂರುತ್ತಾರೆ, ನಾನೂ ಕೂರುತ್ತೇನೆ. ಕರ್ಮಿಟ್‌ನ ತಟ್ಟೆಯಲ್ಲಿರುವ ಮಾಂಸವನ್ನು ಗೇಲನ್ನೇ ಕತ್ತರಿಸಿಕೊಡುತ್ತಾನೆ. ಹೊಸದಾಗಿ ಬಂದವರು ಕಣ್ಣಿಗೆ ಏನಾಯಿತು ಅಂತ ಕೇಳಿದರೆ ಕರ್ಮಿಟ್, "ಇವನ ಹೆಂಡತಿ ತುಂಬಿದ ತೋಟಾ," ಅನ್ನುತ್ತಾನೆ. ಗೇಲನ್ ತಲೆ ಎತ್ತುವುದಿಲ್ಲ, ಮಾಂಸ ಕತ್ತರಿಸುತ್ತಿರುತ್ತಾನೆ. ನಾನು ಕಾಫಿ ಕುಡಿಯುತ್ತೇನೆ.