ಪ್ರೆಂಟಿಸ್ ಮುತ್ತಜ್ಜನಿಗೆ ಗಂಧದ ಹಾರ

ನಾವು ನೆಲೆಸಿದ್ದ ಪರದೇಶದ ಊರು ಕ್ವೀನ್ಸ್‌ಬರಿಯ ಹಾಲ್ ಒಂದರಲ್ಲಿ ಶನಿವಾರ ನಾನು ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೆ. 2004ರಲ್ಲಿ ಕರಾಟೆಯವರೂ ಅದೇ ಹೊತ್ತನ್ನು ಕೇಳಿದರು. ಯಾರಿಗೆ ಕೊಡಬೇಕೆನ್ನುವುದು ಹಾಲ್ ನೋಡಿಕೊಳ್ಳುತ್ತಿದ್ದ ಪ್ರೆಂಟಿಸ್ ಎಂಬ ಅಮೆರಿಕನ್ ಮುದುಕರ ಕೈಯಲ್ಲಿತ್ತು. ಹಾಲ್ ಹೋದರೆ ನನ್ನ ತರಗತಿಯೂ ಹೋದ ಹಾಗೆಯೇ. ಬೇರೆ ಜಾಗಕ್ಕೆ ಅಲೆದು ಅಲೆದು ನನಗೆ ಸಾಕಾಗಿತ್ತು.

ಪ್ರೆಂಟಿಸ್‌ಗೆ ತಮ್ಮ ಮುತ್ತಜ್ಜನೆಂದರೆ ಪ್ರಾಣ. ಹತ್ತೊಂಬತ್ತನೆಯ ಶತಮಾನದ ಆ ಮಹಾನುಭಾವರು ಒಹಾಯೋದ ಹಳ್ಳಿಯಲ್ಲಿ ಮೇಷ್ಟ್ರಾಗಿದ್ದವರು. ಬಡಮಕ್ಕಳಿಗೆಂದು ಅಗ್ಗದ ಪಠ್ಯಪುಸ್ತಕ ಅಚ್ಚು ಹಾಕಿಸಿದರು. ಕಡೆಗೆ ಸರ್ಕಾರಿ ಶಾಲೆಗಳ ಅಧಿಕಾರಿಯಾಗಿ, ವಲಸೆ ಬಂದ ಜರ್ಮನ್ ರೈತರ ಮಕ್ಕಳು ಮನೆಮಾತು ಕಲಿಯಲೆಂದು ಶನಿವಾರವೂ ಶಾಲೆಯ ಬಾಗಿಲು ತೆಗೆಸಿದರು. ಅದನ್ನು ಕೇಳಿದ್ದೇ ತಡ, ಅವರ ಬದುಕನ್ನು ನಮ್ಮ ಮಕ್ಕಳಿಂದ ಕನ್ನಡದಲ್ಲಿ ನಾಟಕವಾಗಿ ಆಡಿಸುವುದೆಂದು ಹಟ ಹಿಡಿದೆ. ಪ್ರೆಂಟಿಸ್ ಅವರನ್ನೂ ಕರೆದೆ.

ವೇದಿಕೆಯಲ್ಲಿ ಮುತ್ತಜ್ಜನ ಫೋಟೋ ಇಡುವ ಕೆಲಸ ನನ್ನ ಗಂಡ ಉದಯಶಂಕರ್ ಅವರದು. ಪ್ರೆಂಟಿಸ್ ಕೊಟ್ಟಿದ್ದ ಫೋಟೋಗಳ ಕವರಿನಿಂದ ಉದ್ದ ಗಡ್ಡ, ಕರಿ ಕೋಟಿನ ಫೋಟೋ ಆರಿಸಿ, ದೊಡ್ಡದು ಮಾಡಿಸಿ, ಕುಂಕುಮವಿಟ್ಟು, ಗಂಧದ ಹಾರ ಹಾಕಿ, ಮುಂದೆ ದೀಪ ಹಚ್ಚಿದರು. ಇಂಥ ಅಚ್ಚುಕಟ್ಟನ್ನು ನಾನು ಮನೆಯಲ್ಲಿ ಎಂದೂ ಕಂಡಿರಲಿಲ್ಲ.

ನಾಟಕದ ದಿನ ಪ್ರೆಂಟಿಸ್ ಬಂದವರು ಫೋಟೋದ ಮುಂದೆ ನಿಂತೇ ಬಿಟ್ಟರು. ಅದು ಮುತ್ತಜ್ಜನಲ್ಲ, ತಾನೇ ಎಂದರು. ಊರಿನ ನಾಟಕದಲ್ಲಿ ಮುತ್ತಜ್ಜನ ವೇಷ ಹಾಕಿದಾಗ ತೆಗೆದದ್ದಂತೆ.

ನಾನು ಗಂಡನ ಕಡೆ ತಿರುಗಿದೆ. "ರೀ, ಏನ್ರೀ ಇದು? ಬದುಕಿರೋರ ಫೋಟೋಗೆ ಹಾರ ಹಾಕಿ ದೀಪ ಹಚ್ಚಿಟ್ರಲ್ರೀ!"

"ಗಡ್ಡ ನೋಡಿ ಹಳೇ ಕಾಲದ್ದು ಅಂದ್ಕೊಂಡೆ ಕಣೇ," ಎಂದರು ಮೆಲ್ಲಗೆ.

ಹಾರ ಯಾಕೆಂದು ಪ್ರೆಂಟಿಸ್ ಕೇಳಿದರು. ಗೌರವಕ್ಕೆ ಎಂದು ನಾನು ಹೇಳುವಷ್ಟರಲ್ಲಿ ನಮ್ಮ ಮಗಳು ಸಿರಿಶಾ ಬಾಯಿ ಹಾಕಿದಳು: "ಇಟ್ಸ್ ಫಾರ್ ಡೆಡ್ ಪೀಪಲ್."

ಮುಗಿಯಿತು, ಹಾಲ್ ಕರಾಟೆಯವರ ಪಾಲಾಯಿತು ಎಂದುಕೊಂಡೆ. ಪ್ರೆಂಟಿಸ್ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಾರ ತೆಗೆಯಲು ಹೋದ ನನ್ನ ಗಂಡನನ್ನು ತಡೆದು, ಮುಂದಿನ ಸಾಲಿನಲ್ಲಿ ಕೂತರು.

ನಾಟಕ ಶುರುವಾಯಿತು. ಅಧಿಕಾರಿ ಮುತ್ತಜ್ಜನ ಪಾತ್ರದಲ್ಲಿದ್ದ ಸಿರಿಶಾ ಕೊನೆಗೆ ಕೈಚಾಚಿ ಕೂಗಿದಳು: "ಶನಿವಾರಾನೂ ಬಾಗಿಲು ತೆಗೀರಿ!" ಕನ್ನಡ ಬಾರದ ಪ್ರೆಂಟಿಸ್ ಕಣ್ಣೊರೆಸಿಕೊಂಡರು.

ಸತ್ತ ಮೇಲೆ ಸಿಗುವ ಮರ್ಯಾದೆಯನ್ನು ಕೂತು ನೋಡುವ ಭಾಗ್ಯ ಎಷ್ಟು ಜನಕ್ಕಿದೆ ಎಂದರು ನನಗೆ. ಮುತ್ತಜ್ಜ ತೆಗೆಸಿದ ಬಾಗಿಲನ್ನು ತಾನು ಮುಚ್ಚಲಾರೆ, ಶನಿವಾರ ನಿಮ್ಮದೇ ಎಂದರು. ಅಬ್ಬಾ!

ಆಮೇಲೆ ಹಾಲ್‌ನ ಅಡುಗೆಮನೆಯಿಂದ ಉಪ್ಪು ತಂದು ಪ್ರೆಂಟಿಸ್‌ಗೆ ದೃಷ್ಟಿ ತೆಗೆದೆ. ನಮ್ಮ ಶನಿವಾರಗಳಿಗಾಗಿ ಆ ಮುದುಕರು ಇನ್ನೂ ಬಹಳ ಕಾಲ ಬದುಕಬೇಕಲ್ಲ!