ಅಣ್ಣನ ಕುರ್ಚಿ ತಿರುಗಿದಾಗ

ಗಿರಾಕಿಯ ಕೆನ್ನೆಯ ಮೇಲೆ ನೊರೆ ಹಾಗೇ ಬಿಟ್ಟು, "ಎರಡೇ ನಿಮಿಷ, ಬಂದೆ" ಎಂದು ಸಣ್ಣಣ್ಣ ಹಿಂದಕ್ಕೆ ಓಡುತ್ತಿದ್ದ. ಗಂಟೆಗೊಮ್ಮೆ ಓಟ. ಮೂತ್ರ ಮಾತ್ರ ಹನಿಹನಿಯಾಗಿ ಬರುತ್ತಿತ್ತು. "ಅರವತ್ತೆರಡಾಯ್ತಲ್ಲ!" ಎಂದು ಗಿರಾಕಿಗಳು ನಗುತ್ತಿದ್ದರು. ಅವನೂ ನಗುತ್ತಿದ್ದ.

ಅದು ಅಣ್ಣತಮ್ಮಂದಿರ ಕ್ಷೌರದಂಗಡಿ. ಎದುರುಬದುರು ಕನ್ನಡಿ, ಎರಡು ತಿರುಗುವ ಕುರ್ಚಿ. ದೊಡ್ಡಣ್ಣ ತೀರಿಕೊಂಡು ಎರಡು ವರ್ಷವಾಗಿತ್ತು. ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್. ಗೊತ್ತಾಗುವ ಹೊತ್ತಿಗೆ ಮೂಳೆಗೆ ಇಳಿದಿತ್ತು. ಅವನ ಕುರ್ಚಿಗೆ ಬಟ್ಟೆ ಹೊದಿಸಿ, ಗೋಡೆಗೆ ಮುಖ ಮಾಡಿ ಇಟ್ಟಿದ್ದರು.

ದೊಡ್ಡಣ್ಣನ ಮಗಳು ಆಸ್ಪತ್ರೆಯಲ್ಲಿ ನರ್ಸು. ಚಿಕ್ಕಪ್ಪನ ಓಟ ಕಂಡು, ಬೆನ್ನು ಬಿಡದೆ ರಕ್ತಪರೀಕ್ಷೆ ಮಾಡಿಸಿದಳು. ಆಮೇಲೆ ಸ್ಕ್ಯಾನು, ಗ್ರಂಥಿಯ ಚೂರು ತೆಗೆದು ನೋಡುವ ಬಯಾಪ್ಸಿ. ಅವನಿಗೂ ಅದೇ ಕಾಯಿಲೆ.

ವರದಿ ಬಂದ ಮಧ್ಯಾಹ್ನ ಅಂಗಡಿ ಖಾಲಿಯಿತ್ತು. ಸಣ್ಣಣ್ಣ ಕತ್ತಿ ಒರೆಸುತ್ತಿದ್ದಾಗ ಹಿಂದಿನಿಂದ ಕಿರ್ ಎಂಬ ಸದ್ದು. ಕನ್ನಡಿಯಲ್ಲಿ ನೋಡಿದ. ಅಣ್ಣನ ಕುರ್ಚಿ ಮೆಲ್ಲಗೆ ತಿರುಗಿ ಅವನ ಕಡೆ ಮುಖ ಮಾಡಿ ನಿಂತಿತು. ಫ್ಯಾನು ಓಡುತ್ತಿರಲಿಲ್ಲ. ಹೊದಿಕೆಯಲ್ಲಿ, ಯಾರೋ ಈಗ ತಾನೇ ಕೂತ ಹಾಗೆ, ಒಂದು ತಗ್ಗು.

ಅದನ್ನು ಮತ್ತೆ ಗೋಡೆಗೆ ತಿರುಗಿಸಿದ. ಮರುದಿನವೂ ಹಾಗೇ ಆಯಿತು. ಮೂರನೆಯ ದಿನ ಹೆಂಡತಿಯೂ ಕಣ್ಣಾರೆ ಕಂಡಳು. ಕೈಯಲ್ಲಿದ್ದ ಟವೆಲ್ಲು ಜಾರಿಬಿತ್ತು.

ಆ ಸಂಜೆ ಅಣ್ಣನ ಮಗಳು ಬಂದಾಗ ಸಣ್ಣಣ್ಣನ ಮುಖದಲ್ಲಿ ರಕ್ತವಿರಲಿಲ್ಲ. "ಅಣ್ಣ ಕರೀತಿದಾನೆ ಕಣಮ್ಮ. ಏನು ಮಾಡಿದ್ರೂ ಅಷ್ಟೇ." ಮರುಕ್ಷಣವೇ, "ಇಲ್ಲ, ನಾಳೇನೇ ಆಪರೇಷನ್ ಮಾಡಿಸಿ ತೆಗೆಸಿಬಿಡ್ತೀನಿ!"

"ಹೆದರ್ಕೊಂಡು ಯಾವುದನ್ನೂ ಒಪ್ಕೋಬೇಡಿ, ಚಿಕ್ಕಪ್ಪ. ನಿಮ್ಮದು ಗ್ರಂಥಿ ಒಳಗೇ ಇದೆ. ನಿಧಾನವಾಗಿ ಬೆಳೆಯೋದು ಅಂತ ಡಾಕ್ಟರೇ ಹೇಳಿದಾರೆ. ಯೋಚನೆ ಮಾಡೋಕೆ ಸಮಯ ಇದೆ. ಆಪರೇಷನ್ ಒಂದು ದಾರಿ, ಅಷ್ಟೆ. ಗ್ರಂಥೀನ ಪೂರ್ತಿ ತೆಗೀತಾರೆ. ಆಮೇಲೆ ಕೆಲವು ತಿಂಗಳು ಮೂತ್ರ ಸೋರಬಹುದು. ಕೆಲವರಿಗೆ ಅದು ಉಳ್ಕೊಳ್ಳುತ್ತೆ."

"ರೇಡಿಯೇಷನ್ ಅಂತಾರಲ್ಲ?" ಎಂದಳು ಹೆಂಡತಿ.

"ಅದರಲ್ಲಿ ಕತ್ತರಿಸೋದಿಲ್ಲ ಚಿಕ್ಕಮ್ಮ, ಕಿರಣ ಹಾಯಿಸಿ ಕ್ಯಾನ್ಸರ್ ಸಾಯಿಸ್ತಾರೆ. ಆದ್ರೆ ಕೆಲವು ವಾರ ಆಸ್ಪತ್ರೆಗೆ ಓಡಾಡಬೇಕು. ಮೂತ್ರ ಉರೀಬಹುದು, ಹೊಟ್ಟೆ ಕೆಡಬಹುದು."

ಹೆಂಡತಿ ಸೆರಗು ಸರಿಮಾಡಿಕೊಂಡಳು. "ಆಮೇಲೆ... ಗಂಡ-ಹೆಂಡತಿ ಅನ್ನೋದು?"

"ಏಯ್, ಸುಮ್ನಿರೇ!" ಸಣ್ಣಣ್ಣನ ಕಿವಿ ಕೆಂಪಾಯಿತು.

"ಕೇಳಲೇಬೇಕಾದ ಮಾತು, ಚಿಕ್ಕಪ್ಪ. ಎರಡರಲ್ಲೂ ಆ ಶಕ್ತಿ ಕಮ್ಮಿ ಆಗಬಹುದು. ಆಪರೇಷನ್‌ನಲ್ಲಿ ತಕ್ಷಣ, ರೇಡಿಯೇಷನ್‌ನಲ್ಲಿ ನಿಧಾನವಾಗಿ. ಇನ್ನೊಂದು ದಾರಿ ಇದೆ. ನಿಗಾ ಇಡೋದು."

"ಸುಮ್ಮನೆ ಕೂರೋದಾ?" ಎಂದ ಸಣ್ಣಣ್ಣ.

"ಸುಮ್ಮನೆ ಅಲ್ಲ. ಆಗಾಗ ರಕ್ತಪರೀಕ್ಷೆ, ಬೇಕಾದಾಗ ಸ್ಕ್ಯಾನು, ಬಯಾಪ್ಸಿ. ಬೆಳೀತಿದೆ ಅಂತ ಕಂಡ್ರೆ ಆಗ ಚಿಕಿತ್ಸೆ. ಪರೀಕ್ಷೆ ಮಾತ್ರ ತಪ್ಪಿಸೋ ಹಾಗಿಲ್ಲ."

ಕಿರ್ ಎಂದಿತು. ಕುರ್ಚಿ ತಿರುಗುತ್ತಿತ್ತು. ಈ ಸಲ ನಿಂತದ್ದು ಮಗಳ ಕಡೆಗೆ.

ಅವಳು ಅಲುಗಾಡಲಿಲ್ಲ. ದನಿ ಮಾತ್ರ ಇಳಿಯಿತು. "ಕೊನೇ ದಿನ ಅಪ್ಪ ನನ್ನ ಕೈ ಹಿಡ್ಕೊಂಡು ಹೇಳಿದ್ರು. 'ಇದು ಒಡಹುಟ್ಟಿದವರಿಗೂ ಬರಬಹುದಂತೆ. ತಮ್ಮನಿಗೆ ಪರೀಕ್ಷೆ ಮಾಡಿಸ್ಕೊಳ್ಳೋಕೆ ಹೇಳು' ಅಂತ. ಹೇಗೆ ಹೇಳ್ಲಿ, ಚಿಕ್ಕಪ್ಪ? ನಾಚ್ಕೊಂಡು ಎರಡು ವರ್ಷ ಕಳೆದೆ." ಕುರ್ಚಿಯ ಹತ್ತಿರ ಹೋಗಿ ಹೊದಿಕೆಯ ಮೇಲೆ ಕೈಯಿಟ್ಟಳು. ಬಟ್ಟೆ ಬೆಚ್ಚಗಿತ್ತು. "ಹೇಳಿದೆ ಅಪ್ಪ. ಎಲ್ಲಾ ಹೇಳಿದೆ."

ತಗ್ಗು ಮೆಲ್ಲಗೆ ತುಂಬಿ ಬಟ್ಟೆ ಸಮನಾಯಿತು.

ಮರುವಾರ ಗಂಡ-ಹೆಂಡತಿ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಡಾಕ್ಟರ ಬಳಿ ಹೋದರು. ಇನ್ನೊಬ್ಬ ಡಾಕ್ಟರನ್ನೂ ಕೇಳಿದರು. ಪದೇ ಪದೇ ಓಡುತ್ತಿದ್ದುದು ಕ್ಯಾನ್ಸರಿನಿಂದಲ್ಲ, ಗ್ರಂಥಿ ಊದಿಕೊಂಡಿದ್ದಕ್ಕೆ; ಅದಕ್ಕೆ ಮಾತ್ರೆ ಸಿಕ್ಕಿತು. ಕ್ಯಾನ್ಸರಿಗೆ ನಿಗಾ ಇಡುವುದೆಂದು ಗಂಡ-ಹೆಂಡತಿ ಕೂತು ತೀರ್ಮಾನಿಸಿದರು. ಆರು ತಿಂಗಳ ಪರೀಕ್ಷೆಯಲ್ಲಿ ಅದು ಇದ್ದಷ್ಟೇ ಇತ್ತು.

ಒಂದು ಭಾನುವಾರ, ಅಂಗಡಿ ತುಂಬಿದ್ದಾಗ, ಸಣ್ಣಣ್ಣ ತನ್ನ ಕಾಯಿಲೆಯ ಹೆಸರನ್ನು ಗಟ್ಟಿಯಾಗಿ ಹೇಳಿದ. ಕೈಯಲ್ಲಿದ್ದ ಕತ್ತಿ ನಿಂತಿತು. ಕನ್ನಡಿಗಳಲ್ಲಿದ್ದ ಮುಖಗಳೆಲ್ಲ ಅವನನ್ನೇ ನೋಡಿದವು. ಕೊನೆಗೆ ಅರ್ಧ ಗಡ್ಡ ಬೋಳಿಸಿಕೊಂಡಿದ್ದ ಬಡಗಿ ಎದ್ದು, ಅವನನ್ನು ಹೊರಗೆ ಕರೆದು ಪಿಸುಗುಟ್ಟಿದ: "ನಮ್ಮಪ್ಪನಿಗೂ ಅದೇ ಆಗಿತ್ತು. ನಾನು ಯಾರನ್ನ ಕೇಳ್ಬೇಕು?"

ನೀವೂ ಕೇಳಿ. ಐವತ್ತು ದಾಟಿದ ಗಂಡಸಾದರೆ, ಪರೀಕ್ಷೆ ಬೇಕೇ ಎಂದು ಡಾಕ್ಟರನ್ನು ವಿಚಾರಿಸಿ. ಅಪ್ಪನಿಗೋ ಒಡಹುಟ್ಟಿದವರಿಗೋ ಈ ಕಾಯಿಲೆ ಬಂದಿದ್ದರೆ ಇನ್ನೂ ಮೊದಲೇ. ಕಾಯಿಲೆ ಇದೆ ಎಂದರೆ ಅದು ಎಷ್ಟು ಹರಡಿದೆ, ನಿಮಗೆ ಯಾವ ದಾರಿಗಳಿವೆ, ಒಂದೊಂದರಿಂದ ಏನು ಲಾಭ, ಏನು ತೊಂದರೆ ಎಂದು ಮನೆಯವರ ಜೊತೆ ಹೋಗಿ ಕೇಳಿ. ನಿಮ್ಮ ಮನೆಯ ಗಂಡಸರಿಗೆ ಹೇಳಬೇಕಾದ ಮಾತಿದ್ದರೆ, ಇವತ್ತೇ ಹೇಳಿ.