ಬಿಡದ ಬ್ರೇಕು

ಬಣ್ಣದ ಮೇಸ್ತ್ರಿಯ ಕಾರು ಒಂದು ವಾರದಿಂದ ಎಡಕ್ಕೆ ಎಳೆಯುತ್ತಿತ್ತು. ಸ್ಟೇರಿಂಗ್ ಹಿಡಿತ ಸ್ವಲ್ಪ ಸಡಿಲವಾದರೆ ಸಾಕು, ರಸ್ತೆಯಂಚಿಗೆ ಮೂತಿ ತಿರುಗಿಸುತ್ತಿತ್ತು. ಸುಟ್ಟ ವಾಸನೆ ಬೇರೆ. "ಯಾರೋ ಕಸ ಸುಡ್ತಿದಾರೆ ಬಿಡು," ಎಂದು ಮೇಸ್ತ್ರಿ ಹೆಂಡತಿಯ ಬಾಯಿ ಮುಚ್ಚಿಸಿದ್ದ.

ಆ ದಿನ ತಾಯಿಯನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಆಸ್ಪತ್ರೆ ಗುಡ್ಡದ ಕೆಳಗೆ. ದಾರಿಯುದ್ದಕ್ಕೂ ಇಳಿಜಾರು, ತಿರುವು. ಪೆಟ್ರೋಲ್ ಹಾಕಿಸಿಕೊಂಡು ಬಂದು ಕಾರು ನಿಲ್ಲಿಸಿದಾಗ ನಾದಿನಿ ಬಾಗಿಲಲ್ಲೇ ನಿಂತಿದ್ದಳು. ಅವಳು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮೂಗು ಅರಳಿಸಿದಳು.

"ಭಾವ, ಇದು ಕಸದ ವಾಸನೆ ಅಲ್ಲ. ಬ್ರೇಕ್ ಬೇಯ್ತಾ ಇದೆ."

"ಬಸ್ಸು ನೋಡಿ ನೋಡಿ ನಿನಗೆ ಎಲ್ಲದರಲ್ಲೂ ರೋಗ ಕಾಣುತ್ತೆ. ಒತ್ತಿದ್ರೆ ಗಾಡಿ ನಿಲ್ಲುತ್ತೆ. ಇನ್ನೇನು ಬೇಕು?"

"ನಿಲ್ಲೋದು ಸರಿ. ಕಾಲು ತೆಗೆದ ಮೇಲೆ ಬಿಡುತ್ತಾ? ಬಲಗಡೆ ಮುಂದಿನ ಚಕ್ರದ ಹತ್ತಿರ ಅಂಗೈ ಹಿಡೀರಿ. ಮುಟ್ಟಬೇಡಿ ಮತ್ತೆ!"

ಹಿಡಿದ. ಬೆಚ್ಚಗಿತ್ತು, ಅಷ್ಟೇ. ಎಡಗಡೆ ಹಿಡಿದವನು ಸರಕ್ಕನೆ ಕೈ ಎಳೆದುಕೊಂಡ. ಒಲೆಯ ಬಾಯಿಗೆ ಕೈ ಒಡ್ಡಿದಂತಿತ್ತು.

"ಏನೋ ಅದು, ಕಾರಿಗೆ ಜ್ವರ ನೋಡ್ತಿದೀಯಾ?" ಎಂದರು ಜಗಲಿಯಲ್ಲಿ ಹೊರಟು ಕೂತಿದ್ದ ತಾಯಿ.

"ಜ್ವರಾನೇ ಅಮ್ಮ," ಎಂದ ಮೇಸ್ತ್ರಿ. ನಗು ಬರಲಿಲ್ಲ. "ನೀರು ಸುರೀಲಾ?"

"ಬೇಡಪ್ಪ! ಚಕ್ರದ ಹಿಂದಿರೋ ಡಿಸ್ಕ್ ತಟ್ಟೆ ಕಾದಿದೆ, ಸೊಟ್ಟಗಾಗುತ್ತೆ. ತಾನಾಗೇ ಆರಲಿ."

ಆರಿದ ಮೇಲೆ ನಾದಿನಿ ಕಾರನ್ನು ಜಾಕ್‌ನಿಂದ ಎತ್ತಿ, ಅದೊಂದನ್ನೇ ನಂಬದೆ ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟಳು. "ತಿರುಗಿಸಿ ನೋಡೋಣ," ಎಂದಳು. ಇಪ್ಪತ್ತು ವರ್ಷ ಏಣಿ ಹೊತ್ತ ತೋಳು ಮೇಸ್ತ್ರಿಯದು. ಎರಡೂ ಕೈ ಹಾಕಿದರೂ ಚಕ್ರ ಜಪ್ಪಯ್ಯ ಅನ್ನಲಿಲ್ಲ.

"ಒಂದು ವಾರ ಬ್ರೇಕ್ ಒತ್ಕೊಂಡೇ ಊರು ಸುತ್ತಿದೀರಿ ಭಾವ."

ಅವಳು ಬ್ರೇಕ್ ಆಯಿಲ್ ಬಿಡುವ ಪುಟ್ಟ ತಿರುಪನ್ನು ಸಡಿಲಿಸಿದಳು. "ಆಯಿಲ್ ಪೈಪಿನಲ್ಲಿ ಸಿಕ್ಕಿಕೊಂಡಿದ್ರೆ ಈಗ ಚಕ್ರ ಬಿಡಬೇಕು." ನಾಲ್ಕು ಹನಿ ಬಿತ್ತು. ಚಕ್ರ ಬಿಡಲಿಲ್ಲ. "ಹಾಗಾದ್ರೆ ಕಳ್ಳ ಕ್ಯಾಲಿಪರ್‌ನಲ್ಲೇ ಇದಾನೆ."

ಡಿಸ್ಕನ್ನು ಎರಡೂ ಕಡೆಯಿಂದ ಅದುಮಿ ಹಿಡಿಯುವ ಕಬ್ಬಿಣದ ಮುಷ್ಟಿಯೇ ಕ್ಯಾಲಿಪರ್. ಅವಳು ಚಕ್ರ ಕಳಚಿ ಅದನ್ನು ಬಿಚ್ಚಿದಳು. ಪ್ಯಾಡನ್ನು ತಳ್ಳುವ ಒಳಗಿನ ಪಿಸ್ಟನ್ ಒತ್ತಿದರೆ ಸಲೀಸಾಗಿ ಹಿಂದೆ ಸರಿಯಿತು, ಅದರ ತಪ್ಪಲ್ಲ. ಕ್ಯಾಲಿಪರ್ ಜಾರಾಡುವ ಎರಡು ಪಿನ್ನುಗಳಲ್ಲಿ ಒಂದು ಮಾತ್ರ ಕಚ್ಚಿಕೊಂಡು, ಮುಷ್ಟಿ ಬಿಚ್ಚದಂತೆ ಮಾಡಿತ್ತು. ತಿರುಚಿ, ತಟ್ಟಿ, ಬೆವರು ಸುರಿಸಿ ಎಳೆದಾಗ ಈಚೆ ಬಂತು. ಮೇಲಿನ ರಬ್ಬರ್ ಹರಿದು, ನೀರು ಹೊಕ್ಕು, ಮೈಯೆಲ್ಲ ತುಕ್ಕು. ಅದು ಹಿಡಿದಿಟ್ಟ ಕಡೆಯಲ್ಲಿ ಡಿಸ್ಕಿಗೆ ಉಜ್ಜುವ ಬ್ರೇಕ್ ಪ್ಯಾಡ್ ಕಾಗದದಷ್ಟು ತೆಳ್ಳಗಾಗಿತ್ತು.

ಮೇಸ್ತ್ರಿ ಪಿನ್ನನ್ನು ಅಂಗೈಯಲ್ಲಿಟ್ಟುಕೊಂಡ. ಅವನ ಕಿರುಬೆರಳಿಗಿಂತ ದೊಡ್ಡದಿರಲಿಲ್ಲ. ಇದು, ಇಷ್ಟೇ ಇಷ್ಟು, ಇಡೀ ಕಾರನ್ನು ಹಿಡಿದು ಜಗ್ಗಿತ್ತೇ?

"ಇವತ್ತು ಇಳಿಜಾರಿಗೆ ಹೋಗಿದ್ರೆ?" ಎಂದು ಮೆಲ್ಲಗೆ ಕೇಳಿದ.

"ಈ ಬಿಸಿಗೆ ಬ್ರೇಕ್ ಆಯಿಲ್ ಕುದ್ದರೆ ಪೆಡಲ್ ಸೀದಾ ನೆಲಕ್ಕೆ ಹೋಗುತ್ತೆ. ಗಾಡಿ ನಿಲ್ಲಲ್ಲ."

ಮೇಸ್ತ್ರಿ ಜಗಲಿಯತ್ತ ನೋಡಿದ. ತಾಯಿ ಮಡಿಲಲ್ಲಿ ಚೀಲ ಇಟ್ಟುಕೊಂಡು ಸುಮ್ಮನೆ ಕೂತಿದ್ದರು. "ಆಸ್ಪತ್ರೆಗೆ ನಾಳೆ ಹೋಗೋಣ ಅಮ್ಮ," ಎಂದ.

ನಾದಿನಿ ಹೊಸ ಪಿನ್ನು, ಹೊಸ ರಬ್ಬರ್ ತಂದಳು. ಬ್ರೇಕಿಗೆಂದೇ ಇರುವ ಗ್ರೀಸ್ ಸವರಿದಳು. ಎಡಕ್ಕೂ ಬಲಕ್ಕೂ ಹೊಸ ಪ್ಯಾಡ್ ಹಾಕಿ, ಡಿಸ್ಕಿನ ದಪ್ಪ ಅಳೆದು, ಪೈಪಿನ ಗಾಳಿ ತೆಗೆದು, ಆಯಿಲ್ ತುಂಬಿ, ಚಕ್ರ ಕೂರಿಸಿದಳು. "ಅತ್ತೆ, ಈಗ ನೀವು ತಿರುಗಿಸಿ."

ತಾಯಿ ಒಂದೇ ಬೆರಳಿನಿಂದ ನೂಕಿದರು. ಚಕ್ರ ತಿರುಗಿತು. ಕೈ ಬಿಟ್ಟ ಮೇಲೂ ಸದ್ದಿಲ್ಲದೆ ತಿರುಗಿತು. ಮೂವರೂ ಅದು ನಿಲ್ಲುವವರೆಗೆ ನೋಡುತ್ತ ನಿಂತರು.

ಮರುದಿನ ಗುಡ್ಡ ಇಳಿಯುವಾಗ ಮೇಸ್ತ್ರಿ ಪ್ರತಿ ತಿರುವಿನಲ್ಲೂ ಬ್ರೇಕ್ ಒತ್ತಿದ. ಕಾರಿನ ವೇಗ ತಗ್ಗಿತು. ಕಾಲು ತೆಗೆದ, ಹಗುರಾಗಿ ಸಾಗಿತು. ಇಷ್ಟು ವರ್ಷ ಇದನ್ನೊಂದು ಅಚ್ಚರಿಯೆಂದು ಅವನು ಅಂದುಕೊಂಡೇ ಇರಲಿಲ್ಲ.

ನಿಮ್ಮ ಗಾಡಿ ಒಂದು ಕಡೆಗೆ ಎಳೆಯುತ್ತಿದೆಯೇ? ಸುಟ್ಟ ವಾಸನೆ ಬರುತ್ತಿದೆಯೇ? ಒಂದು ಚಕ್ರ ಮಾತ್ರ ಹೆಚ್ಚು ಕಾಯುತ್ತಿದೆಯೇ? ನಾಳೆ ನೋಡೋಣ ಎನ್ನಬೇಡಿ. ಇದ್ದಲ್ಲೇ ನಿಲ್ಲಿಸಿ, ಬ್ರೇಕ್ ಕೆಲಸ ಬಲ್ಲವರನ್ನು ಕರೆಯಿರಿ. ಹಿಂದಿನ ಸೀಟಿನಲ್ಲಿ ಕೂತವರು ನಿಮ್ಮನ್ನೇ ನಂಬಿದ್ದಾರೆ.